ತವರಿನ ತಂಡ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೆ ಇಸವಿಗಳನ್ನು ನೆನಪಿಟ್ಟುಕೊಳ್ಳುವುದು ಕಸುಬು. ಪಾಣಿಪತ್ ಕದನ, ತಾಳಿಕೋಟೆ ಕದನ, ಮೈಸೂರು ಯುದ್ಧಗಳು ಎಲ್ಲವೂ ನಾಲಿಗೆಯ ತುದಿಯಲ್ಲಿವೆ. ಅವುಗಳ ಪಕ್ಕದಲ್ಲಿಯೇ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಇನ್ನೊಂದು ಸೋಲಿನ ಪಟ್ಟಿಯಿದೆ. ಅದು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ್ದು.

ನನ್ನ ತವರು ಬೆಂಗಳೂರಿನ ಚಾಮರಾಜಪೇಟೆ, ಕೊಟ್ಟ ಮನೆ ತುಮಕೂರು. ಮದುವೆಯಾಗಿ ಮೂವತ್ತು ವರ್ಷವಾದರೂ ಆ ತಂಡ ಸೋತ ಮಾರನೆಯ ದಿನ ನಮ್ಮ ಮನೆಯವರು ಕಾಫಿ ಹೀರುತ್ತಾ, "ನಿಮ್ಮ ಊರಿನವರು ಮತ್ತೆ ಎಡವಿದರಲ್ಲೇ?" ಎಂದು ಕೇಳುವುದನ್ನು ಬಿಟ್ಟಿಲ್ಲ. ಗೆದ್ದ ದಿನ ಮಾತ್ರ ಅದು "ನಮ್ಮ ತಂಡ." ತವರಿನ ವಿಷಯದಲ್ಲಿ ಗಂಡಸರ ಈ ಲೆಕ್ಕಾಚಾರ ನಿಮಗೂ ಗೊತ್ತಿರಬೇಕು.

ಈ ಹುಚ್ಚನ್ನು ನನಗೆ ಹತ್ತಿಸಿದವರು ಅಪ್ಪ. ಅವರ ಪಾಲಿಗೆ 1974 ಎಂದರೆ ಒಂದೇ ಅರ್ಥ. ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಮುಂಬಯಿಯನ್ನು ಕರ್ನಾಟಕ ನಮ್ಮ ಊರಿನ ಮೈದಾನದಲ್ಲೇ ಸೆಮಿಫೈನಲಿನಲ್ಲಿ ತಡೆದು ನಿಲ್ಲಿಸಿದ ವರ್ಷ. ವಿಶ್ವನಾಥ್ 162 ಹೊಡೆದದ್ದು, ಪ್ರಸನ್ನ ಅವರು ಗಾವಸ್ಕರರನ್ನು ಬೌಲ್ಡ್ ಮಾಡಿದ ಚೆಂಡು, ಇವನ್ನು ಅಪ್ಪ ಹಬ್ಬದ ದಿನ ಪುರಾಣ ಹೇಳುವ ಹಾಗೆ ಹೇಳುತ್ತಿದ್ದರು. ಕೊನೆಯಲ್ಲಿ ತಪ್ಪದೆ ಒಂದು ಮಾತು: "ಬ್ಯಾಟಿನಿಂದ ಚಪ್ಪಾಳೆ ಬರುತ್ತೆ ಮಗಳೇ, ಪಂದ್ಯ ಗೆಲ್ಲೋದು ಬೌಲಿಂಗಿನಿಂದ."

1976ರ ಅಕ್ಟೋಬರ್ ಕೊನೆಯಲ್ಲಿ ಭಾರತದ ಹೆಂಗಸರು ತಮ್ಮ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸ್ ಮೇಲೆ ಆಡಿದ್ದು ಬೆಂಗಳೂರಿನಲ್ಲೇ. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಚಿಕ್ಕಮ್ಮ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದರು. ಬುತ್ತಿಯಲ್ಲಿದ್ದ ಚಿತ್ರಾನ್ನ, ಬಿಳಿ ಬಟ್ಟೆ ತೊಟ್ಟು ಓಡುತ್ತಿದ್ದ ಹೆಂಗಸರು, ಇಷ್ಟೇ ನೆನಪು. ಆದರೆ "ಕ್ರಿಕೆಟ್ ಹುಡುಗರ ಆಟ" ಎಂದು ಯಾರು ಹೇಳಿದರೂ ನಾನು ನಂಬದೆ ಹೋದದ್ದು ಅಂದಿನಿಂದ.

ಊರಿಗೊಂದು ತಂಡವನ್ನು ಹರಾಜಿನಲ್ಲಿ ಕೊಳ್ಳುವ ಕಾಲ ಬಂದದ್ದು 2008ರಲ್ಲಿ. ಬೆಂಗಳೂರಿನ ತಂಡವನ್ನು ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ಕೊಂಡರು. "ಊರನ್ನೇ ಹರಾಜು ಹಾಕಿದ ಹಾಗಾಯ್ತಲ್ಲ" ಎಂದು ಅಪ್ಪ ಮುಖ ಗಂಟಿಕ್ಕಿದರೂ ದ್ರಾವಿಡ್, ಕುಂಬ್ಳೆ ಇಬ್ಬರೂ ಇದ್ದಾರೆಂದು ತಿಳಿದ ಮೇಲೆ ಕರಗಿಹೋದರು. ಏಪ್ರಿಲ್ 18ರಂದು ಮೊದಲ ಪಂದ್ಯ. ಬೇಸಿಗೆ ರಜೆಗೆ ಮಗನನ್ನು ಕರೆದುಕೊಂಡು ತವರಿಗೆ ಬಂದಿದ್ದೆ. ಅಮ್ಮ ಹಪ್ಪಳ ಕರಿದಿಟ್ಟಿದ್ದರು. ಕೋಲ್ಕತ್ತ ತಂಡದ ಮೆಕಲಮ್ ಒಬ್ಬನೇ 73 ಚೆಂಡಿಗೆ 158 ಹೊಡೆದ. ನಮ್ಮವರು ಎಲ್ಲರೂ ಸೇರಿ 82. ಸೋಲು 140 ರನ್ನಿನದು. ಹಪ್ಪಳ ಹಾಗೇ ಮೆತ್ತಗಾಯಿತು. ಮೂರನೆಯ ಕ್ಲಾಸಿನ ಮಗ ಅಳುತ್ತಾ ಮಲಗಿದ. ಎಂಟು ತಂಡಗಳಲ್ಲಿ ಆ ವರ್ಷ ನಮ್ಮದು ಏಳನೆಯ ಸ್ಥಾನ.

ಮರುವರ್ಷ ಪಂದ್ಯಾವಳಿ ದಕ್ಷಿಣ ಆಫ್ರಿಕಕ್ಕೆ ಹೋಯಿತು. ನಡುವೆ ನಾಯಕತ್ವ ವಹಿಸಿಕೊಂಡ ಕುಂಬ್ಳೆ ತಂಡವನ್ನು ಫೈನಲಿಗೆ ತಂದರು. ಫೈನಲಿನಲ್ಲಿ ಬರೀ 16 ರನ್ನು ಕೊಟ್ಟು ನಾಲ್ಕು ವಿಕೆಟ್ ತೆಗೆದರು. ಆದರೂ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನಿಂದ ಸೋತೆವು. ಪಂದ್ಯದ ಶ್ರೇಷ್ಠ ಆಟಗಾರ ಕುಂಬ್ಳೆಯವರೇ, ಕಪ್ಪು ಮಾತ್ರ ಎದುರಿನವರಿಗೆ. 2011ರಲ್ಲಿ ಮತ್ತೆ ಫೈನಲ್. ಚೆನ್ನೈನಲ್ಲಿ 58 ರನ್ನಿನ ಸೋಲು.

ಇತಿಹಾಸದ ಮೇಷ್ಟರುಗಳಿಗೆ ಒಂದು ತಮಾಷೆಯ ದಿನಾಂಕವಿದೆ. 2013ರ ಏಪ್ರಿಲ್ 23ರಂದು ಗೇಲ್ 66 ಚೆಂಡಿಗೆ 175 ಹೊಡೆದು ತಂಡ 263 ಗಳಿಸಿತು. ಐಪಿಎಲ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ನಾಲ್ಕು ವರ್ಷ ಬಿಟ್ಟು 2017ರಲ್ಲಿ, ಅದೇ ಏಪ್ರಿಲ್ 23ರಂದು, ಕೋಲ್ಕತ್ತದಲ್ಲಿ ಅದೇ ತಂಡ 49ಕ್ಕೆ ಆಲೌಟ್. ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಅದಕ್ಕಿಂತ ಕಡಿಮೆಗೆ ಆಲೌಟಾದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಏರಿದ್ದೂ ನಾವೇ, ಇಳಿದದ್ದೂ ನಾವೇ. ನಮ್ಮ ಮನೆಯವರು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿದರು.

ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು 2016. ಆ ವರ್ಷ ಕೊಹ್ಲಿ ನಾಲ್ಕು ಶತಕ ಸೇರಿ 973 ರನ್ನು ಹೊಡೆದಿದ್ದರು. ಫೈನಲ್ ನಮ್ಮ ಚಿನ್ನಸ್ವಾಮಿ ಮೈದಾನದಲ್ಲೇ. ಸನ್‌ರೈಸರ್ಸ್ ತಂಡದ 208ಕ್ಕೆ ಉತ್ತರವಾಗಿ ನಮ್ಮವರು ವಿಕೆಟ್ ಬೀಳದೆ 114. ಅಮ್ಮ ಸಕ್ಕರೆ ಡಬ್ಬ ತೆಗೆದು ಕೈಯಲ್ಲಿ ಹಿಡಿದಿದ್ದರು. ಅಲ್ಲಿಂದ ಕುಸಿದು 8 ರನ್ನಿನಿಂದ ಸೋತೆವು. ಅಪ್ಪ ಟಿವಿ ಆರಿಸಿ, "ನಾಲ್ಕು ಓವರಿಗೆ ವಾಟ್ಸನ್ 61 ಕೊಟ್ಟರೆ ಯಾರು ತಾನೇ ಗೆಲ್ಲುತ್ತಾರೆ? ಈ ಮನೆಯಲ್ಲಿ ಬ್ಯಾಟು ಹಿಡಿಯೋರಿಗೆ ಮಾತ್ರ ಬೆಳ್ಳಿ ತಟ್ಟೆ" ಎಂದರು. ಎರಡು ವರ್ಷದ ಮೇಲೆ ಅಪ್ಪ ಹೋಗಿಬಿಟ್ಟರು.

ಅವರ ಮಾತನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಬೆಂಗಳೂರಿನ ಮೈದಾನ ಚಿಕ್ಕದು, ಚೆಂಡು ಬೇಗ ಗಡಿ ದಾಟುತ್ತದೆ. ಅಂಥ ಕಡೆ ಒಳ್ಳೆಯ ಬೌಲರೇ ಚಿನ್ನ. ಆದರೆ ಹಣವೆಲ್ಲ ಹೆಸರುವಾಸಿ ದಾಂಡಿಗರ ಕಡೆಗೆ ಹರಿಯಿತು. ತಂಡಕ್ಕೆ ಅತಿ ಹೆಚ್ಚು ವಿಕೆಟ್ ತಂದುಕೊಟ್ಟಿದ್ದ ಚಹಲ್ ಅವರನ್ನು 2021ರ ನಂತರ ಉಳಿಸಿಕೊಳ್ಳಲಿಲ್ಲ. ಇನ್ನು ಮನೆಮಕ್ಕಳ ಕಥೆ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಷ್ ಪಾಂಡೆ, ಅದು 2009ರಲ್ಲಿ ನಮ್ಮ ತಂಡಕ್ಕೇ. ಅದೇ ಪಾಂಡೆ 2014ರ ಫೈನಲಿನಲ್ಲಿ 94 ಹೊಡೆದು ಕಪ್ ಗೆಲ್ಲಿಸಿದ್ದು ಕೋಲ್ಕತ್ತಕ್ಕೆ. ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ನು ಹೊಡೆದ ಉತ್ತಪ್ಪನೂ ಕೋಲ್ಕತ್ತದಲ್ಲೇ. ರಾಹುಲ್ ಬಂದರು, ಹೋದರು, ಮತ್ತೆ ಬಂದರು, ಮತ್ತೆ ಹೋದರು. 2025ರ ಏಪ್ರಿಲಿನಲ್ಲಿ ದೆಹಲಿ ಪರವಾಗಿ ಬಂದು 93 ಹೊಡೆದು ನಮ್ಮನ್ನು ಸೋಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಎಂದು ತೋರಿಸಿದಾಗ ನನಗೆ ಸಿಟ್ಟು ಬರಲಿಲ್ಲ, ಕರುಳು ಚುರುಕ್ ಎಂದಿತು. ಮನೆಮಗನಿಗೆ ಮಣೆ ಹಾಕದವರು ಅವನ ಸಿಟ್ಟನ್ನು ಸಹಿಸಬೇಡವೇ?

"ಈ ಸಲ ಕಪ್ ನಮ್ದೇ" ಎಂಬ ಕೂಗು ಹೀಗೆ ವರ್ಷವರ್ಷವೂ ಊರಿಗೆಲ್ಲ ನಗೆಮಾತಾಯಿತು. ಅದನ್ನು ನಿಜ ಮಾಡಿದವರು ಹೆಣ್ಣುಮಕ್ಕಳು. ಮಹಿಳೆಯರ ಲೀಗ್ ಶುರುವಾದ 2023ರಲ್ಲಿ ಸ್ಮೃತಿ ಮಂಧಾನ ಅವರ ತಂಡ ಮೊದಲ ಐದು ಪಂದ್ಯಗಳನ್ನೂ ಸೋತಿತ್ತು. ಸ್ಟಾಫ್ ರೂಮಿನಲ್ಲಿ "ಅಣ್ಣಂದಿರಿಗೆ ತಕ್ಕ ತಂಗಿಯರು" ಎಂದು ನಕ್ಕರು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ, ವಿಕೆಟ್ ನಷ್ಟವಿಲ್ಲದೆ 64 ಹೊಡೆದಿದ್ದ ಎದುರಾಳಿಗಳನ್ನು 113ಕ್ಕೆ ಮುಗಿಸಿ ಅವರು ಕಪ್ ಎತ್ತಿದರು. ನಮ್ಮ ಕನ್ನಡದ ಹುಡುಗಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು ವಿಕೆಟ್ ತೆಗೆದಳು. ಮರುದಿನ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು, "ಮಿಸ್, ಪಿ.ಟಿ. ಪೀರಿಯಡ್‌ನಲ್ಲಿ ನಮಗೂ ಬ್ಯಾಟ್ ಕೊಡಿಸಿ" ಎಂದು ಕೇಳಿದಳು. ಅದುವರೆಗೆ ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಥ್ರೋಬಾಲ್, ಹುಡುಗರಿಗೆ ಕ್ರಿಕೆಟ್. ನಾನೇ ನಿಂತು ಕೊಡಿಸಿದೆ. ಚಿಕ್ಕಮ್ಮ ಇದ್ದಿದ್ದರೆ ಎಂದುಕೊಂಡೆ.

ಗಂಡಸರ ಸರದಿ ಬಂದದ್ದು ಹದಿನೆಂಟನೆಯ ವರ್ಷದಲ್ಲಿ. 2025ರ ಜೂನ್ 3, ಅಹಮದಾಬಾದ್. ರಜತ್ ಪಾಟೀದಾರ್ ನಾಯಕ. ನಮ್ಮವರು 190 ಹೊಡೆದರು, ಪಂಜಾಬ್ 184ಕ್ಕೆ ನಿಂತಿತು. ಗೆಲುವು 6 ರನ್ನಿನದು, ಹದಿನಾರು ವರ್ಷದ ಹಿಂದೆ ಸೋತದ್ದೂ ಅಷ್ಟರಲ್ಲೇ. ಗೆಲ್ಲಿಸಿದ್ದು ಯಾರು? ನಾಲ್ಕು ಓವರಿಗೆ ಬರೀ 17 ಕೊಟ್ಟು ಎರಡು ವಿಕೆಟ್ ತೆಗೆದ ಸ್ಪಿನ್ನರ್ ಕೃಣಾಲ್ ಪಾಂಡ್ಯ. ಗೋಡೆಯ ಮೇಲಿನ ಅಪ್ಪನ ಫೋಟೊ ನೋಡಿದೆ. ಮೊದಲ ವರ್ಷದಿಂದಲೂ ಇದೇ ತಂಡದಲ್ಲಿದ್ದ ಕೊಹ್ಲಿ ಮೈದಾನದಲ್ಲಿ ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಫೋನು ಮಾಡಿ, "ಅಮ್ಮಾ, ನಾಳೆ ತಂಡ ಊರಿಗೆ ಬರುತ್ತೆ, ಹೋಗ್ಲಾ?" ಎಂದ. "ಇದನ್ನೂ ಕೇಳಬೇಕಾ? ತಾತನ ಹೆಸರಲ್ಲಿ ನೋಡಿಕೊಂಡು ಬಾ" ಎಂದೆ ನಾನು.

ಜೂನ್ 4ರ ಸಂಜೆ ಶಾಲೆಯಿಂದ ಬಂದು ಟಿವಿ ಹಾಕಿದಾಗ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತ ಎಂಬ ಸುದ್ದಿ ಬರುತ್ತಿತ್ತು. ಮೂವತ್ತೈದು ಸಾವಿರ ಜನ ಹಿಡಿಸುವ ಜಾಗಕ್ಕೆ ಲಕ್ಷಾಂತರ ಜನ ಸೇರಿದ್ದರು. ಹನ್ನೊಂದು ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು, ಶಾಲೆಗೆ ಹೋಗುವ ಮಗುವೂ ಇತ್ತು. ಮಗನ ಫೋನು ಸಿಗಲಿಲ್ಲ. ಎರಡು ಗಂಟೆ ನಾನು ದೇವರ ಮನೆಗೂ ಬಾಗಿಲಿಗೂ ಓಡಾಡಿದೆ. "ನಿಮ್ಮ ಊರು" ಎಂದು ಛೇಡಿಸುವ ನಮ್ಮ ಮನೆಯವರು ಅಂದು ಒಂದು ಮಾತೂ ಆಡದೆ ನನ್ನ ಕೈ ಹಿಡಿದು ಕುಳಿತಿದ್ದರು. ಒಂಬತ್ತಕ್ಕೆ ಮಗ ಯಾರದೋ ಫೋನಿನಿಂದ ಮಾತಾಡಿದ. ಒಂದು ಕಾಲಿನ ಚಪ್ಪಲಿ, ಅಂಗಿಯ ತೋಳು ಹೋಗಿದ್ದವು, ಅಷ್ಟೇ. ನನ್ನ ಮಗ ಬಂದ. ಹನ್ನೊಂದು ಮನೆಗಳಲ್ಲಿ ಬರಲಿಲ್ಲ. ಆ ಮನೆಗಳಲ್ಲಿಯೂ ಯಾರಾದರೂ ತಾಯಿ "ಹೋಗಿ ಬಾ" ಎಂದಿರಬಹುದಲ್ಲ ಎಂಬುದು ನನ್ನನ್ನು ಇನ್ನೂ ಬಿಟ್ಟಿಲ್ಲ.

ಆ ಮೈದಾನ ದೊಡ್ಡ ಜನಸಂದಣಿಗೆ ತಕ್ಕದ್ದಲ್ಲವೆಂದು ತನಿಖೆ ಮಾಡಿದ ನ್ಯಾಯಮೂರ್ತಿ ಜಾನ್ ಮೈಕೇಲ್ ಕುನ್ಹಾ ಆಯೋಗ ಹೇಳಿತು. ಅದೇ ವರ್ಷದ ಮಹಿಳಾ ವಿಶ್ವಕಪ್ಪಿನ ಬೆಂಗಳೂರಿನ ಪಂದ್ಯಗಳು ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ಅಲ್ಲಿ ವಿಶ್ವಕಪ್ ಗೆದ್ದರು. ಅವರ ಮೊದಲ ಟೆಸ್ಟ್ ನಡೆದ ಊರಿಗೆ ಆ ಪಂದ್ಯಾವಳಿಯ ಭಾಗ್ಯವಿರಲಿಲ್ಲ.

ತಪ್ಪು ಯಾರದೆಂದು ತೀರ್ಮಾನಿಸುವವಳು ನಾನಲ್ಲ. ಆದರೆ ಅಭಿಮಾನಿಯಾಗಿ ಒಂದು ಮಾತು ಹೇಳಬಲ್ಲೆ. ಸೋಲನ್ನು ಹೊರುವುದನ್ನು ಹದಿನೆಂಟು ವರ್ಷ ಚೆನ್ನಾಗಿ ಕಲಿತ ಊರು ನಮ್ಮದು, ಗೆಲುವನ್ನು ಹೊರುವುದನ್ನು ಕಲಿತಿರಲಿಲ್ಲ. ಅಷ್ಟು ವರ್ಷ ಕಾದವರು ಇನ್ನೊಂದು ವಾರ ಕಾಯಬಹುದಾಗಿತ್ತು. ಕಪ್ಪು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ.

ಮೊನ್ನೆ ಕ್ಲಾಸಿನಲ್ಲಿ ಅದೇ ಬ್ಯಾಟಿನ ಹುಡುಗಿಯ ತಂಗಿ, "ಮಿಸ್, ಈಗಲೂ ನೀವು ಆರ್‌ಸಿಬಿನಾ?" ಎಂದಳು. ತವರಿನಲ್ಲಿ ಸಾವಾಯಿತೆಂದು ತವರನ್ನು ಬಿಡುತ್ತೇವೆಯೇ? ಹೌದಮ್ಮ ಎಂದೆ. ಈಗ ಪಂದ್ಯ ನೋಡಲು ಕೂರುವ ಮುಂಚೆ ಮಗನಿಗೆ ಫೋನು ಮಾಡುತ್ತೇನೆ. ಅವನು ಮನೆಯಲ್ಲಿದ್ದಾನೆಂದು ತಿಳಿದ ಮೇಲೆಯೇ ಟಿವಿ ಹಾಕುತ್ತೇನೆ.