ಕಡಲ ತಡಿಯಿಂದ ಎರೆಹೊಲಕ್ಕೆ: ಕ್ಯಾಥೊಲಿಕ್ ಶಾಲೆಗಳ ನಾಯಕತ್ವ ನಡೆದ ದಾರಿ

ಕರ್ನಾಟಕದಲ್ಲಿ ಕ್ಯಾಥೊಲಿಕ್ ಶಿಕ್ಷಣ ಎಂದೊಡನೆ ನೆನಪಾಗುವುದು ಮಂಗಳೂರಿನ ಸಂತ ಅಲೋಶಿಯಸ್, ಬೆಂಗಳೂರಿನ ಸಂತ ಜೋಸೆಫರ ಕಾಲೇಜು, ಮೌಂಟ್ ಕಾರ್ಮೆಲ್. ಮಾನ್ವಿ, ದೇವದುರ್ಗಗಳನ್ನು ಆ ಸಾಲಿಗೆ ಯಾರೂ ಸೇರಿಸುವುದಿಲ್ಲ. ಆದರೆ ಈ ಶಾಲೆಗಳನ್ನು ಮುನ್ನಡೆಸುವುದು ಎಂದರೇನು ಎಂಬ ತಿಳಿವಳಿಕೆ ಒಂದೂವರೆ ಶತಮಾನದಲ್ಲಿ ಎಷ್ಟು ಬದಲಾಗಿದೆ ಎಂದು ಅರಿಯಬೇಕಿದ್ದರೆ ರಾಯಚೂರು ಜಿಲ್ಲೆಯ ಈ ತಾಲ್ಲೂಕುಗಳಿಗೇ ಬರಬೇಕು.

ಕರಾವಳಿಯ ಹೆಜ್ಜೆಗಳಿಂದ ಶುರು ಮಾಡೋಣ. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರುಗಳು 1870ರಲ್ಲಿ ಮಂಗಳೂರಿಗೆ ಬಂದರು. 1878ರ ಕೊನೆಯ ದಿನ ಯೇಸುಸಭೆಯ ಗುರುಗಳು ಬಂದಿಳಿದರು. 1880ರಲ್ಲೇ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. 1921ರಲ್ಲಿ ಕಾರ್ಮೆಲ್ ಸಭೆಯ ಮದರ್ ಅಲೋಶಿಯಾ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಕಟ್ಟಿದರು. ಅದೇ ವರ್ಷ ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಎಂಬ ಗುರುಗಳು ಬೆಥನಿ ಸಭೆ ಸ್ಥಾಪಿಸಿದರು. ವಿದೇಶದಿಂದ ಬಂದ ಸಭೆಗಳ ನಡುವೆ ಇದು ಈ ಮಣ್ಣಿನಲ್ಲೇ ಹುಟ್ಟಿದ್ದು. ಹಳ್ಳಿಯ ಕನ್ನಡ ಶಾಲೆಗಳಿಗೆ ಅದು ಕೊಟ್ಟ ಒತ್ತು ಇಂದಿಗೂ ಸಾಕಷ್ಟು ಗಮನಕ್ಕೆ ಬಂದಿಲ್ಲ. ಆ ಕಾಲದಲ್ಲಿ ನಾಯಕರೆಂದರೆ ಸ್ಥಾಪಕರು. ಜಾಗ ಹುಡುಕುವವರು, ದಾನ ತರುವವರು, ವಿಶ್ವವಿದ್ಯಾಲಯದ ಮಾನ್ಯತೆ ಗಿಟ್ಟಿಸುವವರು, ಶಿಸ್ತಿಗೆ ಹೊಣೆಯಾದವರು ಎಲ್ಲ ಅವರೇ.

ರಾಯಚೂರಿನ ಕಥೆ ಬೇರೆ. ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದಲೂ ಕ್ಯಾಥೊಲಿಕ್ ಸಮುದಾಯವಿದೆ. ಆದರೆ ಶತಮಾನಗಳ ಆ ನಂಟು ಕರಾವಳಿಯಲ್ಲಿ ಆದಂತೆ ಶಾಲಾ ಕಾಲೇಜುಗಳ ಜಾಲವಾಗಿ ಬೆಳೆಯಲಿಲ್ಲ. 1948ರವರೆಗೆ ಇದು ನಿಜಾಮರ ಸೀಮೆ. ಕಲಿಕೆಯೂ ಕಚೇರಿಯೂ ಉರ್ದುವಿನಲ್ಲಿ. ಕನ್ನಡಕ್ಕೆ ಜಾಗ ಮಾಡಿಕೊಟ್ಟದ್ದು ಮಂಗಳೂರು ಕಡೆಯಿಂದ ಬಂದ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆಯಂಥ ಸಾಹಸಗಳು. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಅದರ ಮೊದಲ ಧರ್ಮಾಧ್ಯಕ್ಷರು ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್. ರಾಯಚೂರು ಇಂದಿಗೂ ಆ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲೇ ಇದೆ.

ದಿಕ್ಕು ಬದಲಾದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ. ಯೇಸುಸಭೆ 1974–75ರ ತನ್ನ ಮಹಾಸಭೆಯಲ್ಲಿ ವಿಶ್ವಾಸದ ಸೇವೆಗೂ ನ್ಯಾಯದ ಹೋರಾಟಕ್ಕೂ ಬಿಡಿಸಲಾಗದ ನಂಟಿದೆ ಎಂದು ಸಾರಿತು. ಶಾಲೆ ನಡೆಸುವವರ ಮುಂದೆ ಆಗ ಹೊಸ ಪ್ರಶ್ನೆಯೊಂದು ನಿಂತಿತು: ನಮ್ಮ ಗೇಟಿನೊಳಗೆ ಬಾರದೆ ಉಳಿದ ಮಕ್ಕಳು ಯಾರು? ಕರ್ನಾಟಕದ ಯೇಸುಸಭೆಯವರು ಮುಂಡಗೋಡಿನ ಸಿದ್ದಿ, ಗೌಳಿ, ಲಂಬಾಣಿ ಜನರ ನಡುವೆ ಹೋದದ್ದಕ್ಕೂ, ಮುಂದೆ ಮಾನ್ವಿಯಲ್ಲೂ ಅದರ ಹತ್ತಿರದ ಪನ್ನೂರಿನಲ್ಲೂ ನೆಲೆ ನಿಂತದ್ದಕ್ಕೂ ಇದೇ ಪ್ರಶ್ನೆ ಬೆನ್ನಿಗಿತ್ತು. ದೇವದುರ್ಗಕ್ಕೆ ಬಂದವರು ಡಾನ್ ಬಾಸ್ಕೊ ಹೆಸರಿನ ಸಲೇಸಿಯನ್ನರು. ಹತ್ತೊಂಬತ್ತನೆಯ ಶತಮಾನದ ಟ್ಯೂರಿನ್ ನಗರದಲ್ಲಿ ಕೆಲಸ ಹುಡುಕಿ ಬಂದ ಹುಡುಗರನ್ನು ಕೂಡಿಸಿಕೊಂಡು ಹುಟ್ಟಿದ ಸಭೆ ಅದು. ಗುಳೆ ಹೋಗುವ ಈ ಸೀಮೆಗೆ ಹೇಳಿ ಮಾಡಿಸಿದಂತಿದೆ.

ದೇವದುರ್ಗದ ಸ್ಥಿತಿ ಎಲ್ಲರಿಗೂ ಗೊತ್ತು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಅದೂ ಒಂದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ರಾಯಚೂರು ಜಿಲ್ಲೆಯದು ಶೇ 60ನ್ನೂ ಮುಟ್ಟಿರಲಿಲ್ಲ. ಅಂಕಿಗಳಿಗಿಂತ ಹಾಜರಿ ಪುಸ್ತಕವೇ ಹೆಚ್ಚು ಹೇಳುತ್ತದೆ. ದೀಪಾವಳಿ ಕಳೆದು ಹತ್ತಿ ಬಿಡಿಸುವ ಹಂಗಾಮು ಶುರುವಾದರೆ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಸಾಲುಗಟ್ಟುತ್ತದೆ. ಮೆಣಸಿನಕಾಯಿ ಕೀಳುವ ಹೊತ್ತಿಗೆ ಇನ್ನಷ್ಟು ಹೆಸರು. ಅಪ್ಪ ಅವ್ವ ಬೆಂಗಳೂರಿಗೆ ದುಡಿಯಲು ಹೋದರೆ ಮಗು ಅಜ್ಜಿಯ ಹತ್ತಿರ ಉಳಿಯಬೇಕು, ಇಲ್ಲವೇ ಅವರ ಜೊತೆಗೇ ಹೋಗಬೇಕು. ಇಂಥ ಕಡೆ ಮುಖ್ಯಸ್ಥರು ಕುರ್ಚಿಯಲ್ಲಿ ಕೂತರೆ ಶಾಲೆ ನಡೆಯುವುದಿಲ್ಲ. ಸಂಜೆ ಕೇರಿಗೆ ಹೋಗಿ ಕಟ್ಟೆಯ ಮೇಲೆ ಕೂತು, “ಯಾಕವ್ವ, ಹುಡುಗಿನ್ನ ಸಾಲಿಗೆ ಕಳಿಸಿಲ್ಲ?” ಎಂದು ಕೇಳಬೇಕು, ಕೂಲಿಯ ಲೆಕ್ಕ ತಾಯಿ ಹೇಳುವಾಗ ಎದುರು ಮಾತಾಡದೆ ಕೇಳಿಸಿಕೊಳ್ಳಬೇಕು. ಹಾಸ್ಟೆಲಿನಲ್ಲಿ ಜಾಗ ಕೊಡುವುದಾಗಿ ಹೇಳಿ ಒಪ್ಪಿಸಬೇಕು. ಸ್ಥಾಪಕರ ಕಾಲದ ಕಟ್ಟಡ ಕಟ್ಟುವ ಜಾಣ್ಮೆಗಿಂತ ಇದು ಕಠಿಣ ವಿದ್ಯೆ, ಹೆಚ್ಚು ಗೌರವಕ್ಕೂ ಅರ್ಹ ಎಂದು ನಾನು ನಂಬಿದ್ದೇನೆ.

ಮಾನ್ವಿ–ಪನ್ನೂರಿನಲ್ಲಿ ಯೇಸುಸಭೆಯ ಆಶ್ರಯದಲ್ಲಿ, ಲೊಯೋಲಾ ಹೆಸರಿನಲ್ಲಿ ಶಾಲೆಯಿಂದ ಪದವಿ ಕಾಲೇಜಿನವರೆಗೆ ಮೆಟ್ಟಿಲುಗಳು ಎದ್ದಿವೆ. ಮನೆಯಲ್ಲಿ ಮೊದಲ ಬಾರಿ ಅಕ್ಷರ ಕಲಿತ ಹುಡುಗಿ ಪದವಿ ತನಕ ಊರಿನಲ್ಲೇ ಓದುವುದು ಸಣ್ಣ ಮಾತಲ್ಲ. ಹತ್ತನೆಯ ತರಗತಿಯ ನಂತರ ಬಸ್ಸು ಹತ್ತಿ ಪರಸ್ಥಳಕ್ಕೆ ಕಳಿಸುವುದೆಂದರೆ ಇಲ್ಲಿ ಬಹಳ ಮನೆಗಳಲ್ಲಿ ಓದು ಮುಗಿದಂತೆಯೇ.

ಇನ್ನು ಸಭೆಗಳ ಒಳಗಿನ ಪ್ರಶ್ನೆ. ವಿಧೇಯತೆಯ ವ್ರತ ತೊಟ್ಟ ಫಾದರ್, ಸಿಸ್ಟರುಗಳು ಕಳಿಸಿದ ಕಡೆ ಹೋಗುತ್ತಾರೆ. ಸರ್ಕಾರಿ ನೌಕರರು ಬೇಡವೆನ್ನುವ ಊರಿಗೂ ಒಳ್ಳೆಯ ಮುಖ್ಯಸ್ಥರು ಸಿಗುವುದು ಇದರಿಂದಲೇ. ಅದೇ ವ್ರತದ ಇನ್ನೊಂದು ಮುಖವೂ ಇದೆ. ಕೊಂಕಣಿಯನ್ನೋ ಮಲಯಾಳವನ್ನೋ ಮನೆಮಾತಾಗಿ ಆಡಿಕೊಂಡು ಬೆಳೆದವರು ರಾಯಚೂರಿನ ಕನ್ನಡ ಕಲಿತು ಕೇರಿಯ ಜನರ ನಂಬಿಕೆ ಗಳಿಸುವ ಹೊತ್ತಿಗೆ ವರ್ಗಾವಣೆಯ ಪತ್ರ ಬರುತ್ತದೆ.

ಶಾಲೆ ನಡೆಸುವುದರಲ್ಲಿ ವ್ರತ ತೊಡದ ಶ್ರೀಸಾಮಾನ್ಯರ ಪಾಲನ್ನು ವ್ಯಾಟಿಕನ್ 1982ರಲ್ಲೇ ಒಂದು ದಸ್ತಾವೇಜಿನಲ್ಲಿ ಎತ್ತಿ ಹೇಳಿತ್ತು. ಸಂನ್ಯಸ್ತರೂ ಶ್ರೀಸಾಮಾನ್ಯರೂ ಕೂಡಿ ಹೊರಬೇಕಾದ ಹೊಣೆ ಶಿಕ್ಷಣ ಎಂದು 2007ರಲ್ಲಿ ಮತ್ತೆ ಬರೆಯಿತು. ಎರಡರ ಕಣ್ಣೆದುರಿಗೂ ಮುಖ್ಯವಾಗಿ ಇದ್ದವರು ಕ್ಯಾಥೊಲಿಕ್ ಶಿಕ್ಷಕರು. ಆದರೆ ದೇವದುರ್ಗದಂಥ ಕಡೆ ಸ್ಟಾಫ್ ರೂಮಿನಲ್ಲಿ ಕೂತವರಲ್ಲಿ ಹೆಚ್ಚಿನವರು ಹಿಂದೂಗಳು, ಮುಸ್ಲಿಮರು. ಇದೇ ಜಿಲ್ಲೆಯ ರೈತ, ಕೂಲಿ ಮನೆಗಳಿಂದ ಬಂದವರು. ಅವರನ್ನು ಉಪಮುಖ್ಯಸ್ಥರ ಹಂತದಲ್ಲೇ ನಿಲ್ಲಿಸಿ, ಕೀಲಿಕೈ ಮಾತ್ರ ಸಭೆಯವರ ಬಳಿ ಇಟ್ಟುಕೊಂಡರೆ ಹಂಚಿಕೊಂಡ ನಾಯಕತ್ವ ಎಂಬ ಮಾತು ಕಾಗದದಲ್ಲೇ ಉಳಿಯುತ್ತದೆ. ಸಭೆಗಳಿಗೆ ಸೇರುವ ಯುವಕ ಯುವತಿಯರು ಕರಾವಳಿಯಲ್ಲೂ ಕಡಿಮೆಯಾಗುತ್ತಿರುವಾಗ ಇದನ್ನು ಮುಂದಕ್ಕೆ ಹಾಕುವಂತಿಲ್ಲ.

ಮಾಡಬೇಕಾದದ್ದು ಕಣ್ಣ ಮುಂದೆಯೇ ಇದೆ. ಅನುದಾನವಿಲ್ಲದ ಶಾಲೆಗಳಲ್ಲಿ ಶಿಕ್ಷಕರಿಗೆ ಬದುಕು ಸಾಗುವಷ್ಟು ಸಂಬಳ ಬೇಕು, ಇಲ್ಲದಿದ್ದರೆ ಸರ್ಕಾರಿ ನೇಮಕಾತಿ ಬಂದ ದಿನವೇ ಅನುಭವಿಗಳು ಹೊರಡುತ್ತಾರೆ. ಈ ಭಾಗದ ಯುವಜನರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇರುವುದರಿಂದ ಹಾಗೆ ಹೋಗುವ ಅವಕಾಶ ಈಗ ಹೆಚ್ಚಿದೆ, ಅದು ಸಂತೋಷದ ವಿಷಯವೇ. ಲೆಕ್ಕಪತ್ರ, ನೇಮಕಾತಿ, ಇಲಾಖೆಯೊಂದಿಗಿನ ವ್ಯವಹಾರಗಳಲ್ಲಿ ಸ್ಥಳೀಯ ಶಿಕ್ಷಕರನ್ನು ಮೊದಲಿನಿಂದಲೇ ಪಳಗಿಸಬೇಕು. ಇಲ್ಲೇ ಓದಿ ಬಿ.ಎಡ್. ಮುಗಿಸಿ ಬಂದವರನ್ನು ಬರೀ ಪಾಠಕ್ಕಲ್ಲ, ಆಡಳಿತ ಮಂಡಳಿಗೂ ಕರೆಯಬೇಕು. ಮುಂದಿನ ಸಲ ಫಾದರ್‌ಗೆ ವರ್ಗಾವಣೆಯಾದಾಗ ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಇನ್ನೊಬ್ಬ ಫಾದರ್ ಬರುವುದನ್ನು ಕಾಯದೆ ಮಾನ್ವಿಯವರೇ, ದೇವದುರ್ಗದವರೇ ಆ ಕುರ್ಚಿಗೆ ಬರುವಂತಾಗಲು ತಯಾರಿ ಈ ವರ್ಷವೇ ಶುರುವಾಗಬೇಕು.