ಇಂಗ್ಲಿಷ್ ವ್ಯಾಕರಣದಲ್ಲಿ ವಿಶೇಷಣಗಳ ವಿಧಗಳು

ನಾಮಪದ ಅಥವಾ ಸರ್ವನಾಮದ ಗುಣ, ಪ್ರಮಾಣ, ಸಂಖ್ಯೆ ಮೊದಲಾದವುಗಳನ್ನು ತಿಳಿಸುವ ಪದವನ್ನು ಇಂಗ್ಲಿಷ್ ವ್ಯಾಕರಣದಲ್ಲಿ ಅಡ್ಜೆಕ್ಟಿವ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ವಿಶೇಷಣ ಎಂದು ಕರೆಯಲಾಗುತ್ತದೆ.

ವಿಧಗಳು

ಶಾಲಾ ವ್ಯಾಕರಣಗಳು ಸಾಮಾನ್ಯವಾಗಿ ಈ ಕೆಳಗಿನ ವಿಧಗಳನ್ನು ಹೇಳುತ್ತವೆ:

• ಗುಣವಾಚಕ: ಗುಣ ಅಥವಾ ಸ್ಥಿತಿಯನ್ನು ತಿಳಿಸುತ್ತದೆ. ಉದಾ: ‘ಬ್ರೇವ್ ಗರ್ಲ್’.
• ಪರಿಮಾಣವಾಚಕ: ಎಣಿಸಲಾಗದ ವಸ್ತುವಿನ ಪ್ರಮಾಣವನ್ನು ತಿಳಿಸುತ್ತದೆ. ಉದಾ: ‘ಮಚ್ ವಾಟರ್’.
• ಸಂಖ್ಯಾವಾಚಕ: ಎಣಿಕೆ ಅಥವಾ ಕ್ರಮವನ್ನು ತಿಳಿಸುತ್ತದೆ. ಉದಾ: ‘ಟೆನ್ ಬುಕ್ಸ್’, ‘ಸೆಕೆಂಡ್ ಚಾಪ್ಟರ್’.
• ನಿರ್ದೇಶಕ: ಯಾವುದೆಂದು ತೋರಿಸುತ್ತದೆ. ಉದಾ: ‘ದಿಸ್ ಹೌಸ್’. ಬಹುವಚನದಲ್ಲಿ ‘ದೀಸ್ ಹೌಸಸ್’ ಎಂದಾಗುತ್ತದೆ.
• ಪ್ರಶ್ನಾರ್ಥಕ: ಉದಾ: ‘ವಿಚ್ ರೋಡ್’.
• ಸ್ವಾಮ್ಯಸೂಚಕ: ಉದಾ: ‘ಮೈ ಪೆನ್’.

ವಿಧದ ನಿರ್ಣಯ

ಪದದ ವಿಧವು ಅದರ ಬಳಕೆಯಿಂದ ನಿರ್ಧಾರವಾಗುತ್ತದೆ. ‘ಸಮ್ ಮಿಲ್ಕ್’ ಎಂಬಲ್ಲಿ ‘ಸಮ್’ ಪರಿಮಾಣವಾಚಕ. ‘ಸಮ್ ಬಾಯ್ಸ್’ ಎಂಬಲ್ಲಿ ಅದೇ ಪದ ಸಂಖ್ಯಾವಾಚಕ. ‘ದಿಸ್ ಈಸ್ ಮೈ ಹೌಸ್’ ಎಂಬ ವಾಕ್ಯದಲ್ಲಿ ‘ದಿಸ್’ ನಾಮಪದದೊಡನೆ ಬಾರದೆ ಒಂಟಿಯಾಗಿ ನಿಂತಿರುವುದರಿಂದ ಅದು ಸರ್ವನಾಮ.

ಆಧುನಿಕ ವರ್ಗೀಕರಣ

ಆಧುನಿಕ ವ್ಯಾಕರಣಗಳು ಮೇಲಿನವುಗಳಲ್ಲಿ ಗುಣವಾಚಕವನ್ನು ವಿಶೇಷಣವೆಂದು ಉಳಿಸಿಕೊಂಡು, ಉಳಿದವನ್ನು ಬಹುಮಟ್ಟಿಗೆ ಡಿಟರ್ಮಿನರ್ ಎಂಬ ಬೇರೆ ವರ್ಗಕ್ಕೆ ಸೇರಿಸುತ್ತವೆ. ಎರಡೂ ವರ್ಗಗಳ ವರ್ತನೆ ಭಿನ್ನವಾಗಿರುವುದೇ ಇದಕ್ಕೆ ಕಾರಣ. ‘ಎ ಟಾಲ್ ಯಂಗ್ ಮ್ಯಾನ್’ ಎಂದು ಗುಣವಾಚಕಗಳನ್ನು ಒಂದರ ಪಕ್ಕ ಒಂದನ್ನು ಇಡಬಹುದು. ‘ಟಾಲರ್’, ‘ಟಾಲೆಸ್ಟ್’ ಎಂದು ತರತಮ ರೂಪಗಳನ್ನೂ ಪಡೆಯಬಹುದು. ಆದರೆ ‘ಮೈ’ ಮತ್ತು ‘ದಿಸ್’ ಪದಗಳಿಗೆ ತರತಮ ರೂಪಗಳಿಲ್ಲ. ಅವು ಒಟ್ಟಿಗೆ ಬರುವುದೂ ಇಲ್ಲ. ಕನ್ನಡದಲ್ಲಿ ‘ನನ್ನ ಈ ಪೆನ್ನು’ ಎಂಬುದು ಸಹಜ ಪ್ರಯೋಗ. ಇಂಗ್ಲಿಷಿನಲ್ಲಿ ‘ಮೈ ದಿಸ್ ಪೆನ್’ ಎಂಬುದು ತಪ್ಪು. ‘ದಿಸ್ ಪೆನ್ ಆಫ್ ಮೈನ್’ ಎನ್ನಬೇಕು.