ಬಾಹ್ಯಾಕಾಶದ ಬಾಗಿಲು ಕಾದವರು

ಬೇಲೂರಿನ ಗುಡಿಯನ್ನು ನೋಡಿಬಂದವರು ಚೆನ್ನಕೇಶವನ ಮೂರ್ತಿಯನ್ನು ವರ್ಣಿಸುತ್ತಾರೆ, ಮದನಿಕೆಯರ ಚೆಲುವನ್ನು ವರ್ಣಿಸುತ್ತಾರೆ. ಬಾಗಿಲ ಎರಡು ಪಕ್ಕಗಳಲ್ಲಿ ನಿಂತ ದ್ವಾರಪಾಲಕರ ಮಾತನ್ನು ಎತ್ತುವವರು ಕಡಮೆ. ಅವರನ್ನು ದಾಟದೆ ಒಳಗೆ ಹೋದವರು ಒಬ್ಬರೂ ಇಲ್ಲ. ಆದರೂ ನೆನಪಿನಲ್ಲಿ ಅವರಿಗೆ ಎಡೆಯಿಲ್ಲ. ಚರಿತ್ರೆಯ ರೀತಿಯೂ ಬಹುಮಟ್ಟಿಗೆ ಹೀಗೆಯೇ. 1969ನೆಯ ಇಸವಿ ಜುಲೈ 16ರ ಬೆಳಿಗ್ಗೆ ಅಮೆರಿಕದ ಫ್ಲಾರಿಡಾ ಪ್ರಾಂತದ ಕೆನೆಡಿ ಬಾಹ್ಯಾಕಾಶ ಕೇಂದ್ರದಿಂದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಎಂಬ ಮೂವರು ಚಂದ್ರನತ್ತ ಹೊರಟರು. ಸುತ್ತಣ ರಸ್ತೆಗಳಲ್ಲಿಯೂ ಕಡಲ ದಡದಲ್ಲಿಯೂ ಸುಮಾರು 10 ಲಕ್ಷ ಜನ ನೆರೆದಿದ್ದರೆಂದು ಅಂದಾಜು. ಆ ಮೂವರ ಹೆಸರು ನಮ್ಮ ಪ್ರೈಮರಿ ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟು ದೊಡ್ಡ ಜನಸ್ತೋಮಕ್ಕೂ ಆ ರಾಕೆಟ್ಟಿಗೂ ನಡುವೆ, ಗೇಟುಗಳಲ್ಲಿ ಎದೆಗೆ ಬಿಲ್ಲೆ ಧರಿಸಿ ನಿಂತಿದ್ದವರ ಹೆಸರು ಯಾರಿಗೆ ಗೊತ್ತು?

ಬಿಲ್ಲೆ ಎಂದರೆ ನಮ್ಮಲ್ಲಿ ಹಿಂದಿನ ತಲೆಮಾರಿನವರಿಗೆ ಕಚೇರಿಯ ಜವಾನನ ನೆನಪಾಗುತ್ತದೆ. ಎದೆಗೆ ಅಡ್ಡಲಾಗಿ ಡವಾಲಿ, ಡವಾಲಿಯ ಮೇಲೆ ಉಜ್ಜಿ ಉಜ್ಜಿ ಹೊಳೆಯುವ ಹಿತ್ತಾಳೆಯ ಬಿಲ್ಲೆ. ಸಾಹೇಬರು ಒಳಗೆ ಇದ್ದಾರೆಯೋ ಇಲ್ಲವೋ ಎಂಬುದು ಸಾಹೇಬರಿಗಿಂತ ಹೆಚ್ಚಾಗಿ ಆ ಬಿಲ್ಲೆಯವನ ಮರ್ಜಿಗೆ ಸೇರಿದ ವಿಷಯ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲೊಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ನಾವು ನಾಸಾ ಎಂದು ಕರೆಯುವ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಲ್ಲಿಯೂ ಇಂಥ ಬಿಲ್ಲೆಯವರಿದ್ದರು, ಇದ್ದಾರೆ. ಅವರು ಧರಿಸಿದ ಹಳೆಯ ಬಿಲ್ಲೆಗಳನ್ನು ಹುಡುಕಿ ಸಂಗ್ರಹಿಸುವವರು ಆ ದೇಶದಲ್ಲಿದ್ದಾರೆ. ಫ್ಲಾರಿಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೂ ಈ ಹುಚ್ಚು ಹಿಡಿದಿದೆ. ಆಗಾಗ ಒಂದೊಂದು ಬಿಲ್ಲೆಯ ಚಿತ್ರವನ್ನು ಕಳುಹಿಸಿ, "ಸರ್, ಇದರ ಕಾಲ ಯಾವುದು ಹೇಳಿ ನೋಡೋಣ" ಎಂದು ನನ್ನನ್ನು ಪರೀಕ್ಷೆಗೆ ಒಡ್ಡುತ್ತಾನೆ. ತರಗತಿಯಲ್ಲಿ ಶಾಸನಗಳ ಕಾಲನಿರ್ಣಯವನ್ನು ಕುರಿತು ನಾನು ಕೇಳುತ್ತಿದ್ದ ಪ್ರಶ್ನೆಗಳಿಗೆ ಇದು ಅವನು ತೀರಿಸಿಕೊಳ್ಳುತ್ತಿರುವ ಸೇಡು ಇರಬೇಕು.

ವಿಚಾರ ಮಾಡಿ ನೋಡಿದರೆ ಶಾಸನಕ್ಕೂ ಬಿಲ್ಲೆಗೂ ಅಷ್ಟೇನೂ ದೂರವಿಲ್ಲ. ತೇದಿಯಿಲ್ಲದ ಒಂದು ಕಲ್ಲಿನಲ್ಲಿ "ತಲಕಾಡುಗೊಂಡ" ಎಂಬ ಬಿರುದು ಕಂಡರೆ, ವಿಷ್ಣುವರ್ಧನನು ಚೋಳರಿಂದ ತಲಕಾಡನ್ನು ಗೆದ್ದ ಮೇಲಣ ಕಲ್ಲು ಅದು ಎಂದು ತಿಳಿಯುತ್ತೇವೆ. ಗೆಲ್ಲುವುದಕ್ಕೆ ಮುಂಚೆ ಆ ಬಿರುದು ಹುಟ್ಟುವಂತಿಲ್ಲವಷ್ಟೆ. ಬಿಲ್ಲೆಯಲ್ಲಿಯೂ ಹೀಗೆಯೇ ಹೆಸರನ್ನು ಹಿಡಿದು ಹೊರಡಬೇಕು. ಫ್ಲಾರಿಡಾದ ಕೇಂದ್ರಕ್ಕೆ 1962ರ ಜುಲೈನಲ್ಲಿ ಇದ್ದ ಹೆಸರು ಲಾಂಚ್ ಆಪರೇಷನ್ಸ್ ಸೆಂಟರ್ ಎಂದು. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನೆಡಿಯ ಕೊಲೆಯಾಯಿತು. ಏಳು ದಿನಗಳಲ್ಲಿ, ನವೆಂಬರ್ 29ರಂದು, ಹೊಸ ಅಧ್ಯಕ್ಷ ಜಾನ್ಸನ್ ಆ ಕೇಂದ್ರಕ್ಕೆ ಕೆನೆಡಿಯ ಹೆಸರಿಟ್ಟ. ಪಕ್ಕದ ಭೂಶಿರವಾದ ಕೇಪ್ ಕೆನಾವೆರಲ್ ಕೂಡ ಕೇಪ್ ಕೆನೆಡಿಯಾಯಿತು. ಭೂಶಿರಕ್ಕೆ ಹಳೆಯ ಹೆಸರೇ ಇರಲಿ ಎಂದು ಅಲ್ಲಿನ ಜನ ಹಟ ಹಿಡಿದುದರಿಂದ 1973ರಲ್ಲಿ ಅದು ಮತ್ತೆ ಕೆನಾವೆರಲ್ ಆಯಿತು. ಆದುದರಿಂದ ಬಿಲ್ಲೆಯ ಮೇಲೆ "ಕೇಪ್ ಕೆನೆಡಿ" ಎಂದಿದ್ದರೆ ಅದು ಈ ಹತ್ತು ವರ್ಷಗಳ ಕೂಸು.

ಹೂಸ್ಟನ್ ನಗರದ ಕೇಂದ್ರ ಮೊದಲು ಮ್ಯಾನ್ಡ್ ಸ್ಪೇಸ್‌ಕ್ರಾಫ್ಟ್ ಸೆಂಟರ್. 1973ರಲ್ಲಿ ಅದು ಜಾನ್ಸನ್ ಕೇಂದ್ರ. ಕ್ಲೀವ್‌ಲೆಂಡಿನ ಲೂಯಿಸ್ ಸಂಶೋಧನ ಕೇಂದ್ರ 1999ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ನನ ಹೆಸರನ್ನು ಹೊತ್ತಿತು. ಮಿಸಿಸಿಪ್ಪಿಯಲ್ಲಿ ರಾಕೆಟ್ ಎಂಜಿನುಗಳನ್ನು ಪರೀಕ್ಷಿಸುವ ಕೇಂದ್ರಕ್ಕೆ 1988ರಲ್ಲಿ ಸ್ಟೆನಿಸ್ ಎಂಬ ಹೆಸರು ಬಂತು. ಹೀಗೆ ಹೆಸರು ಬದಲಾದಾಗಲೆಲ್ಲ ಬಿಲ್ಲೆಯ ಅಕ್ಷರಗಳೂ ಬದಲಾಗಬೇಕಾಯಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹೆಸರು ಬದಲಾದ ಮರುದಿನವೇ ಹಳೆಯ ಬಿಲ್ಲೆಯನ್ನು ಯಾವ ಕಚೇರಿಯೂ ಎಸೆಯುವುದಿಲ್ಲ. ಬಿಲ್ಲೆ ಇದಕ್ಕಿಂತ ಹಿಂದಿನದಲ್ಲ ಎಂದು ಹೆಸರು ಗಟ್ಟಿಯಾಗಿ ಹೇಳೀತು. ಎಷ್ಟು ಕಾಲ ಎದೆಯ ಮೇಲಿತ್ತು ಎಂಬುದನ್ನು ಹೇಳಲಾರದು.

ಹೆಸರಿನಂತೆ ಲಾಂಛನವೂ ಒಂದು ಸಾಕ್ಷಿ. ನಾಸಾದ ಮುದ್ರೆ ಅಧ್ಯಕ್ಷ ಐಸೆನ್‌ಹೋವರನ ಒಪ್ಪಿಗೆ ಪಡೆದುದು 1959ರಲ್ಲಿ. ಅದೇ ಕಾಲದಲ್ಲಿ ಲೂಯಿಸ್ ಕೇಂದ್ರದ ಜೇಮ್ಸ್ ಮೊಡರೆಲಿ ಎಂಬಾತ ನೀಲಿಯ ದುಂಡನೆಯ ಹಿನ್ನೆಲೆಯಲ್ಲಿ ನಕ್ಷತ್ರಗಳನ್ನೂ ಕೆಂಪು ರೆಕ್ಕೆಯನ್ನೂ ಸೇರಿಸಿ ದಿನಬಳಕೆಯ ಲಾಂಛನವನ್ನು ರಚಿಸಿದ. ಜನ ಅದಕ್ಕೆ ಮಾಂಸದುಂಡೆ ಎಂದು ಅಡ್ಡಹೆಸರಿಟ್ಟರು. 1975ರಲ್ಲಿ ಅದು ಹೋಗಿ, ನಾಲ್ಕು ಅಕ್ಷರಗಳನ್ನೇ ಒಂದೇ ದಪ್ಪದ ಗೆರೆಯಲ್ಲಿ ಬಳುಕಿಸಿ ಬರೆದ ಕೆಂಪು ಗುರುತು ಬಂದಿತು. ಅದಕ್ಕೆ ಹುಳು ಎಂಬ ಹೆಸರಾಯಿತು. 1992ರಲ್ಲಿ ಹುಳುವನ್ನು ಕಳುಹಿಸಿ ಮಾಂಸದುಂಡೆಯನ್ನು ಕರೆತಂದರು. 2020ರಲ್ಲಿ ಹುಳುವೂ ಮರಳಿತು. ಇನ್ನು ಬಿಲ್ಲೆಯ ಬೆನ್ನನ್ನು ತಿರುಗಿಸಿ ನೋಡಬೇಕು. ಅಲ್ಲಿ ಹಲವು ಸಲ ತಯಾರಕರ ಹೆಸರಿರುತ್ತದೆ. ಮ್ಯಾಸಚೂಸೆಟ್ಸಿನ ಬ್ಲ್ಯಾಕಿಂಟನ್ ಕಂಪನಿ 1852ರಿಂದ ಈ ಕಸಬಿನಲ್ಲಿರುವ ಹಳೆಯ ಮನೆತನ. ಪಿನ್ನಿನ ಬೆಸುಗೆ, ಎನಾಮಲಿನ ಸವಕಲು, ಅಂಚಿನ ಗೀರು ಇವನ್ನೆಲ್ಲ ಬಲ್ಲವರು ಭೂತಗನ್ನಡಿಯಲ್ಲಿ ನೋಡುತ್ತಾರೆ. ನಲವತ್ತು ವರ್ಷ ಅಂಗಿಗೆ ಚುಚ್ಚಿ ತೆಗೆದ ಪಿನ್ನು ಹೊಸದರಂತೆ ಇರುವುದಿಲ್ಲ.

ಕಾಲನಿರ್ಣಯ ಹೀಗೆ ಸಾಗಿತು. ಆದರೆ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಈ ಸಂಸ್ಥೆಗೆ ಬಿಲ್ಲೆಯವರು ಏಕೆ ಬೇಕಾದರು?

ನಾಸಾ ಹುಟ್ಟಿದುದು 1958ರ ಜುಲೈ 29ರಂದು ಸಹಿಯಾದ ಕಾಯಿದೆಯಿಂದ. ಅದೇ ವರ್ಷ ಅಕ್ಟೋಬರ್ 1ರಂದು, ಅದಕ್ಕೆ ಮುಂಚೆ ಇದ್ದ ವಿಮಾನಯಾನ ಸಮಿತಿಯ ಸುಮಾರು 8,000 ನೌಕರರೊಡನೆ ಅದು ಕೆಲಸ ಆರಂಭಿಸಿತು. ಬಾಹ್ಯಾಕಾಶದ ಕೆಲಸ ಶಾಂತಿಗಾಗಿ ನಡೆಯಬೇಕು, ಅಲ್ಲಿ ದೊರೆತ ಅರಿವು ಸಾಧ್ಯವಾದಷ್ಟು ವಿಸ್ತಾರವಾಗಿ ಹರಡಬೇಕು ಎಂದು ಆ ಕಾಯಿದೆ ಘೋಷಿಸಿತು. ಎದುರಾಳಿ ಸೋವಿಯತ್ ದೇಶದ ರೀತಿ ಬೇರೆ. ಸ್ಪುಟ್ನಿಕ್ಕನ್ನು ಹಾರಿಸಿದ ಮುಖ್ಯ ಶಿಲ್ಪಿ ಕೊರೊಲ್ಯೋವನ ಹೆಸರು ಜಗತ್ತಿಗೆ ತಿಳಿದುದು 1966ರಲ್ಲಿ ಅವನು ಸತ್ತ ಮೇಲೆ. ಅಮೆರಿಕ ತನ್ನ ಉಡ್ಡಯನಗಳನ್ನು ಟೆಲಿವಿಷನ್ನಿನಲ್ಲಿ ತೋರಿಸಿತು, ಸೋಲನ್ನೂ ತೋರಿಸಿತು. ಆದರೆ ಅದೇ 1958ರ ಕಾಯಿದೆಯ ಒಳಪುಟದಲ್ಲಿ ಇನ್ನೊಂದು ಮಾತಿದೆ. ಅಗತ್ಯವೆನಿಸಿದ ನೌಕರರು ಕರ್ತವ್ಯದ ವೇಳೆಯಲ್ಲಿ ಬಂದೂಕು ಧರಿಸುವಂತೆ ಸಂಸ್ಥೆಯ ಮುಖ್ಯಾಧಿಕಾರಿ ಆಜ್ಞೆ ಮಾಡಬಹುದು. ಸರಕಾರದ ಸ್ವತ್ತನ್ನು ಕಾಯುವ ಗುತ್ತಿಗೆದಾರರ ಆಳುಗಳಿಗೂ ಆ ಅನುಮತಿ ಕೊಡಬಹುದು. ಅರಿವು ಎಲ್ಲರದು, ಆದರೆ ಗೇಟಿಗೆ ಕಾವಲುಂಟು. ಈ ಎರಡು ಮಾತುಗಳೂ ಕೂಡಿ ಕಾವಲುಗಾರನ ಎದೆಯ ಮೇಲೆ ಬಿಲ್ಲೆಯಾದುವು.

ಗುತ್ತಿಗೆದಾರರ ಮಾತು ಬಂದಿತು. ಸರಕಾರದ ಬಾಗಿಲನ್ನು ಸರಕಾರದ ಆಳೇ ಕಾಯುತ್ತಾನೆಂದು ನಾವು ಭಾವಿಸುತ್ತೇವೆ. ಅಲ್ಲಿ ಹಾಗಲ್ಲ. ಕೆನಾವೆರಲ್ಲಿನಲ್ಲಿ ವಾಯುಸೇನೆಯ ಕ್ಷಿಪಣಿ ನೆಲೆಯ ದಿನನಿತ್ಯದ ಆಡಳಿತವನ್ನು 1953ರಿಂದ ವಹಿಸಿಕೊಂಡದ್ದು ಪ್ಯಾನ್ ಅಮೆರಿಕನ್ ಎಂಬ ವಿಮಾನ ಕಂಪನಿ. ಬೆಂಕಿ ಆರಿಸುವವರು, ಅಡಿಗೆಯವರು, ಕಾವಲಿನವರು ಎಲ್ಲರೂ ಅದರವರೇ. ನಾಸಾದ ಕೆನೆಡಿ ಕೇಂದ್ರಕ್ಕೆ 1964ರಲ್ಲಿ ಕಾವಲಿನ ಗುತ್ತಿಗೆ ಹಿಡಿದವನು ಜಾರ್ಜ್ ವ್ಯಾಕನ್‌ಹಟ್, ಒಂದು ಕಾಲಕ್ಕೆ ಎಫ್.ಬಿ.ಐ.ಯಲ್ಲಿ ಪತ್ತೇದಾರನಾಗಿದ್ದವನು. ಪತ್ತೇದಾರಿ ಕಂಪನಿಗಳ ಆಳುಗಳನ್ನು ಸರಕಾರ ನೇಮಿಸಿಕೊಳ್ಳಬಾರದೆಂದು 1893ರ ಒಂದು ಶಾಸನವಿತ್ತು. 1892ರಲ್ಲಿ ಹೋಮ್‌ಸ್ಟೆಡ್ಡಿನ ಉಕ್ಕಿನ ಕಾರ್ಖಾನೆಯಲ್ಲಿ ಮುಷ್ಕರ ಹೂಡಿದ ಕಾರ್ಮಿಕರಿಗೂ ಪಿಂಕರ್ಟನ್ ಕಂಪನಿಯ ಬಾಡಿಗೆ ಬಂಟರಿಗೂ ನಡೆದ ರಕ್ತಪಾತದ ಫಲ ಅದು. ವ್ಯಾಕನ್‌ಹಟ್ಟನು ಕಾವಲಿನ ಕೆಲಸಕ್ಕೆಂದೇ ಬೇರೊಂದು ಕಂಪನಿಯನ್ನು ಕಟ್ಟಿ ಆ ಅಡ್ಡಿಯನ್ನು ದಾಟಿದ. ಬಿಲ್ಲೆ ಬಟ್ಟೆಪಟ್ಟಿಗಳ ಮೇಲೆ ಸಂಸ್ಥೆಯ ಹೆಸರಿನ ಜೊತೆಗೆ ಕಂಪನಿಯ ಹೆಸರೂ ಕಂಡರೆ ಅದರ ಹಿಂದೆ ಇಷ್ಟು ಕಥೆಯಿದೆ. ಪ್ಯಾನ್ ಅಮೆರಿಕನ್ 1991ರಲ್ಲಿ ಮುಳುಗಿತು. ವ್ಯಾಕನ್‌ಹಟ್ಟನ್ನು 2002ರಲ್ಲಿ ಯೂರೋಪಿನ ಕಂಪನಿಯೊಂದು ಕೊಂಡಿತು. ಕಂಪನಿಗಳು ಹೋದುವು, ಅವುಗಳ ಬಿಲ್ಲೆ ಉಳಿದಿದೆ.

ಈ ಕಾವಲುಗಾರರ ಪಹರೆಯಲ್ಲಿ ದಿನದಿನವೂ ರೋಮಾಂಚನವಿತ್ತೆಂದು ಭಾವಿಸಬಾರದು. ಕೆನೆಡಿ ಕೇಂದ್ರದ ನೆಲ 500 ಚದರ ಕಿಲೋಮೀಟರಿಗೂ ಮಿಕ್ಕಿದುದು. ಅದರ ಬಹುಭಾಗ 1963ರಿಂದ ವನ್ಯಪ್ರಾಣಿಗಳ ಆಶ್ರಯ. ಹಳ್ಳಗಳಲ್ಲಿ ಮೊಸಳೆ, ಗಾಳಿಯಲ್ಲಿ ಸೊಳ್ಳೆ. ಆದರೆ ಒಂದು ದಿನ ಆ ಗೇಟಿನ ಬಳಿಗೆ ಚರಿತ್ರೆಯೇ ನಡೆದುಬಂದಿತು. 1969ರ ಜುಲೈ 15, ಚಂದ್ರಯಾನದ ಮುನ್ನಾದಿನ. ಮಾರ್ಟಿನ್ ಲೂಥರ್ ಕಿಂಗನ ಒಡನಾಡಿಯಾಗಿದ್ದ ರಾಲ್ಫ್ ಅಬರ್ನಥಿಯು ಹೇಸರಗತ್ತೆ ಹೂಡಿದ ಬಂಡಿಗಳೊಡನೆ, ಬಡ ಕರಿಯ ಕುಟುಂಬಗಳೊಡನೆ ಅಲ್ಲಿಗೆ ಬಂದ. ದೇಶದಲ್ಲಿ ಜನ ಹಸಿದಿರುವಾಗ ಚಂದ್ರನ ಮೇಲೆ ಹಣ ಸುರಿಯುವುದು ನ್ಯಾಯವೆ ಎಂಬುದು ಅವನ ಪ್ರಶ್ನೆ. ನಾಸಾದ ಮುಖ್ಯಾಧಿಕಾರಿ ಥಾಮಸ್ ಪೇನ್ ಗೇಟಿನ ಹೊರಗೆ ಬಯಲಿಗೆ ಬಂದು ಅವನನ್ನು ಕಂಡ. ರಾಕೆಟ್ಟಿನ ಗುಂಡಿಯನ್ನು ಒತ್ತದಿರುವುದರಿಂದ ಬಡತನ ನೀಗುವುದಾದರೆ ಒತ್ತುವುದಿಲ್ಲ ಎಂಬ ಅರ್ಥದ ಮಾತನ್ನು ಆಡಿ, ಕೆಲವು ಕುಟುಂಬಗಳಿಗೆ ಮರುದಿನದ ಉಡ್ಡಯನವನ್ನು ನೋಡಲು ಒಳಗೆ ಸ್ಥಳ ಮಾಡಿಸಿಕೊಟ್ಟ. ಈ ಇಬ್ಬರ ಹೆಸರೂ ಪುಸ್ತಕಗಳಲ್ಲಿವೆ. ಗೇಟು ಕಾಯುತ್ತಿದ್ದವನೂ ದಿನಗೂಲಿ ಲೆಕ್ಕ ಹಾಕುವ ಮನೆಯಿಂದಲೇ ಬಂದವನಿರಬಹುದು. ಅವನ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರಾರು? ಅವನ ಪರವಾಗಿ ಇಂದು ಮಾತನಾಡಬಹುದಾದುದು ಅವನ ಬಿಲ್ಲೆ ಒಂದೇ.

ಹಾಗಾದರೆ ಸಂಗ್ರಹ ಪುಣ್ಯದ ಕೆಲಸವಾಯಿತಲ್ಲ ಎನ್ನಬಹುದು. ಅಷ್ಟು ಸುಲಭವಲ್ಲ. ಬಿಲ್ಲೆ ಅಂಚೆಚೀಟಿಯಂತಲ್ಲ. ಮೊಹರು ಬಿದ್ದ ಅಂಚೆಚೀಟಿಯ ಶಕ್ತಿ ಅಲ್ಲಿಗೆ ಮುಗಿಯಿತು. ವಿಜಯನಗರದ ವರಾಹ ಇಂದಿನ ಸಂತೆಯಲ್ಲಿ ನಡೆಯುವುದಿಲ್ಲ. ಬಿಲ್ಲೆಯ ಶಕ್ತಿ ಮಾತ್ರ ಸಾಯುವುದಿಲ್ಲ. ದುಷ್ಟನೊಬ್ಬ ಧರಿಸಿ ನಿಂತರೆ ಅದು ಇಂದಿಗೂ ನಾಲ್ವರನ್ನು ನಂಬಿಸಬಲ್ಲುದು. ಆದುದರಿಂದಲೇ ಸರಕಾರದ ಇಲಾಖೆಗಳು ತಮ್ಮ ಅಧಿಕಾರಿ ನೌಕರರಿಗೆಂದು ಗೊತ್ತುಮಾಡಿದ ಬಿಲ್ಲೆಯನ್ನಾಗಲಿ ಅದರ ನಕಲನ್ನಾಗಲಿ ಅನುಮತಿಯಿಲ್ಲದೆ ತಯಾರಿಸುವುದು, ಮಾರುವುದು, ಇಟ್ಟುಕೊಳ್ಳುವುದು ಕೂಡ ಅಮೆರಿಕದ ಕಾನೂನಿನಲ್ಲಿ ಅಪರಾಧ. ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ನಾಸಾದ ಮುದ್ರೆ ಲಾಂಛನಗಳ ಬಳಕೆಗೂ ಕಟ್ಟುನಿಟ್ಟಿನ ನಿಯಮಗಳಿವೆ. ಸಂಗ್ರಾಹಕನಿಗೆ ತಾನು ಚರಿತ್ರೆಯನ್ನು ಉಳಿಸುತ್ತಿದ್ದೇನೆಂಬ ಹೆಮ್ಮೆ. ಕಾನೂನಿಗೆ ಅವನು ಬೇರೆಯವರ ಬೀಗದ ಕೈಯನ್ನು ಇಟ್ಟುಕೊಂಡವನೋ ಏನೋ ಎಂಬ ಸಂಶಯ. ಎರಡರಲ್ಲಿಯೂ ಸತ್ಯವಿದೆ.

ಈ ಎರಡು ಸತ್ಯಗಳ ನಡುವೆ ನಡೆಯಬೇಕಾದ ದಾರಿ ಯಾವುದೆಂಬುದನ್ನು 2002ರ ಒಂದು ಪ್ರಕರಣ ನನಗೆ ತೋರಿಸಿತು. ಆ ಜುಲೈನಲ್ಲಿ ಹೂಸ್ಟನ್ನಿನ ಜಾನ್ಸನ್ ಕೇಂದ್ರದಿಂದ ಚಂದ್ರಶಿಲೆಗಳಿದ್ದ, ಸುಮಾರು 270 ಕಿಲೋ ತೂಕದ ತಿಜೋರಿ ಕಳುವಾಯಿತು. ಒಳಗಿದ್ದ ಚಂದ್ರಶಿಲೆ ಸುಮಾರು 100 ಗ್ರಾಂ. ಕದ್ದವರು ಹೊರಗಿನ ಕಳ್ಳರಲ್ಲ. ಒಳಗೆ ಹೋಗಿಬರುವ ಗುರುತಿನ ಚೀಟಿಯಿದ್ದ ತರಬೇತಿಯ ವಿದ್ಯಾರ್ಥಿಗಳು. ಎಚ್ಚರದ ಕಾವಲುಗಾರನೂ ಅಸಲಿ ಗುರುತನ್ನು ತೋರಿಸಿದವನಿಗೆ ದಾರಿ ಬಿಡಲೇಬೇಕಷ್ಟೆ. ಅವರು ಸಿಕ್ಕಿಬಿದ್ದುದು ಹೇಗೆ? ಶಿಲೆ ಮಾರಾಟಕ್ಕಿದೆ ಎಂಬ ಸುದ್ದಿ ಬೆಲ್ಜಿಯಂ ದೇಶದ ಒಬ್ಬ ಖನಿಜ ಸಂಗ್ರಾಹಕನ ಕಣ್ಣಿಗೆ ಬಿತ್ತು. ಆಸೆಪಟ್ಟು ಗುಟ್ಟಾಗಿ ಕೊಳ್ಳುವ ಬದಲು ಅವನು ಅಮೆರಿಕದ ಪೊಲೀಸರಿಗೆ ತಿಳಿಸಿದ. ಜುಲೈ 20ರಂದು, ಮಾನವ ಚಂದ್ರನ ಮೇಲೆ ಇಳಿದ ದಿನದಂದೇ, ಕಳ್ಳರು ಫ್ಲಾರಿಡಾದ ಒರ್ಲಾಂಡೋದಲ್ಲಿ ಸೆರೆಸಿಕ್ಕರು. ಎದೆಯ ಮೇಲೆ ಬಿಲ್ಲೆಯಿಲ್ಲದಿದ್ದರೂ ಆ ದಿನ ಬಾಗಿಲು ಕಾದವನು ಆ ಸಂಗ್ರಾಹಕ.

ಅದಕ್ಕೇ ನಾನು ನನ್ನ ವಿದ್ಯಾರ್ಥಿಗೆ ಹೇಳುವುದು ಇಷ್ಟೆ. ಬಿಲ್ಲೆ ಸಿಕ್ಕಿತೆಂದು ಕುಣಿಯಬೇಡ. ಅದು ಯಾರ ಕೈಯಿಂದ ಬಂತು ಎಂದು ಕೇಳು. ಸೇವೆ ಬಿಡುವಾಗ ಹಿಂದಿರುಗಿಸಬೇಕಾಗಿದ್ದ ಬಿಲ್ಲೆ ಹೊರಗೆ ಹೇಗೆ ಉಳಿಯಿತು ಎಂದು ಕೇಳು. ಉತ್ತರವಿಲ್ಲದ ಬಿಲ್ಲೆ ಎಷ್ಟು ಹೊಳೆದರೂ ಬೇಡ. ಉತ್ತರವಿದ್ದರೆ ಬೆಲೆಯ ಚೌಕಾಶಿ ಮಾಡುವ ಮೊದಲು ಆ ಮನೆಯವರ ಬಳಿ ಕುಳಿತು, ಧರಿಸಿದವನ ಹೆಸರು, ನಿಂತ ಗೇಟು, ಕಾದ ವರ್ಷಗಳು, ಕಂಡ ಉಡ್ಡಯನಗಳು, ಇಷ್ಟನ್ನೂ ಬರೆದುಕೊ. ಆಮೇಲೆ ಆ ಬರಹದೊಡನೆ ಬಿಲ್ಲೆಯನ್ನು ಒಂದು ವಸ್ತುಸಂಗ್ರಹಾಲಯ ಸ್ವೀಕರಿಸುವುದಾದರೆ ಕೊಟ್ಟುಬಿಡು. "ಕೊಟ್ಟರೆ ನನ್ನ ಬಳಿ ಏನು ಉಳಿಯುತ್ತೆ ಸರ್?" ಎಂದು ಅವನು ಕೇಳಿದ. ಕಥೆ ಉಳಿಯುತ್ತದೆ ಎಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೆ ಮುಂದೆ ಅವನು ಕಳುಹಿಸಿದ ಚಿತ್ರದ ಜೊತೆಗೆ ನಿವೃತ್ತ ಕಾವಲುಗಾರರೊಬ್ಬರ ಮನೆಯಲ್ಲಿ ಬರೆದುಕೊಂಡ ಎರಡು ಪುಟಗಳೂ ಇದ್ದುವು.

ತುರುಗಾಳಗದಲ್ಲಿ ಮಡಿದ ಆಳಿಗೆ ನಮ್ಮ ಹಳ್ಳಿಗಳವರು ವೀರಗಲ್ಲು ನಿಲ್ಲಿಸುತ್ತಿದ್ದರು. ಅವನು ಅರಸನಲ್ಲ, ಕವಿಯಲ್ಲ. ಊರಿನ ದನಗಳನ್ನು ಕಾಯಲು ನಿಂತವನು. ಹಲವು ಕಲ್ಲುಗಳಲ್ಲಿ ಅವನ ಹೆಸರೂ ತಂದೆಯ ಹೆಸರೂ ಊರೂ ಇವೆ. ಅವು ಇಲ್ಲದಿದ್ದರೆ ಆ ಕಾಲದ ಕನ್ನಡ ನಾಡಿನ ಸಾಮಾನ್ಯನನ್ನು ನಾವು ಎಲ್ಲಿ ಹುಡುಕಬೇಕಾಗಿತ್ತು? ಚಂದ್ರನಿಗೆ ಹೋದವರ ಕಾಲವನ್ನು ಮುಂದೆ ಅರಿಯಬಯಸುವವರಿಗೂ ಇಂಥದೇ ಗುರುತುಗಳು ಬೇಕಾದಾವು. ಲೋಹವನ್ನು ಕಾಪಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅದನ್ನು ಧರಿಸಿದ ಮುದುಕರು ಇನ್ನೂ ಕೆಲವರು ಬದುಕಿರುವಾಗಲೇ ಅವರ ಹೆಸರನ್ನು ಕೇಳಿ ಬರೆದಿಡುವುದು ಜರೂರಿನ ಕೆಲಸ.